ಫ್ಯಾನಿನ ರೆಕ್ಕೆ, ರಂಗೋಲಿಯ ಚುಕ್ಕಿ

ನನ್ನ ಬಂಧುವೊಬ್ಬರ ಮಗ ಒಂದನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಒಂದು ಫಾರಂ ಬಂತು. ‘ವರ್ತನೆ’ ಎಂಬ ಅಂಕಣದಲ್ಲಿ ಟೀಚರು ಕೆಂಪು ಶಾಯಿಯಲ್ಲಿ ಎರಡೇ ಪದ ಬರೆದಿದ್ದರು: ಗಮನ ಇಲ್ಲ. ಅದನ್ನು ನನಗೆ ಓದಲು ಕೊಟ್ಟ ಸಂಜೆ ಹುಡುಗ ನಡುಮನೆಯ ನೆಲದ ಮೇಲೆ ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದ. ಅಮ್ಮ ಎರಡು ಸಲ ಹೆಸರು ಹಿಡಿದು ಕರೆದರು. ಒಳಗೆ ಕುಕ್ಕರ್ ಕೂಗಿತು. ನಾನು ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಅವನ ತಂಗಿ ಕಿವಿಯ ಪಕ್ಕದಲ್ಲೇ ಹರಿದಳು. ಅವನ ಕಣ್ಣು ಕದಲಲಿಲ್ಲ. ನಾನು ಗಡಿಯಾರ ನೋಡಿಕೊಂಡೆ, 22 ನಿಮಿಷ. ಆ 22 ನಿಮಿಷದಲ್ಲಿ ನಾನು ನಾಲ್ಕು ಸಲ ಫೋನು ತೆಗೆದು ನೋಡಿದ್ದೆ.

ಹುಡುಗನಿಗೆ ಆಟಿಸಂ ಇದೆ ಎಂದು ಮೂರೂವರೆ ವರ್ಷಕ್ಕೇ ಗೊತ್ತಾಗಿತ್ತು. ಪುಸ್ತಕದಲ್ಲಿ ಇದಕ್ಕೆ ಸ್ವಲೀನತೆ ಎನ್ನುತ್ತಾರೆ; ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಅಮ್ಮಂದಿರ ಬಾಯಲ್ಲಿ ಅದು ಆಟಿಸಂ. ನನಗೂ ಎರಡನೆಯದೇ ವಾಸಿ. ಸ್ವಲೀನ ಎಂದರೆ ತನ್ನಲ್ಲೇ ಮುಳುಗಿದವನು ಎಂದಾಯಿತು. ಈ ಹುಡುಗ ಮುಳುಗಿದ್ದದ್ದು ತನ್ನಲ್ಲಿ ಅಲ್ಲ, ಫ್ಯಾನಿನಲ್ಲಿ. ಮೂಲ ಪದದ ಹಣೆಬರಹವೂ ಅಷ್ಟೇ. ಗ್ರೀಕಿನ ‘ತಾನು’ ಎಂಬ ಮಾತಿನಿಂದ ಅದನ್ನು ಕಟ್ಟಿದ ಸ್ವಿಸ್ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಬಳಸಿದ್ದು ಸ್ಕಿಜೋಫ್ರೇನಿಯಾದ ವಿವರಣೆಗೆ. ಮಾಸ್ಕೋದಲ್ಲಿ ಗ್ರೂನ್ಯಾ ಸುಖರೇವಾ 1925ರಲ್ಲೇ ಇಂಥ ಆರು ಹುಡುಗರ ಬಗ್ಗೆ ಬರೆದಿದ್ದರೂ ಲೋಕದ ಕಿವಿಗೆ ಬಿದ್ದದ್ದು ಬಾಲ್ಟಿಮೋರಿನ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಮೇಲೆ ಬರೆದ ಲೇಖನ. ಅಂದಿನಿಂದ ಹೆಸರು ಅಂಟಿಕೊಂಡಿತು, ‘ಒಳಗೆ ಸೇರಿಕೊಂಡ ಮಗು’ ಎಂಬ ಕಲ್ಪನೆಯೂ ಜೊತೆಗೇ ಬಂತು.

ಗಮನದ ವಿಷಯಕ್ಕೆ ಬರೋಣ. ಕೆನಡಾದ ಲಾಂಡ್ರಿ ಮತ್ತು ಬ್ರೈಸನ್ 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೋಡಲು ಬಹಳ ಸರಳ. ಮಗುವಿನ ಎದುರು ನಡುವಿನ ಪರದೆಯಲ್ಲಿ ಏನೋ ಚಲಿಸುವ ಚಿತ್ರ. ಮಗು ಅದನ್ನು ನೋಡತೊಡಗಿದ ಮೇಲೆ ಪಕ್ಕದಲ್ಲಿ ಇನ್ನೊಂದು ಚಿತ್ರ ಮೂಡುತ್ತದೆ. ನಡುವಿನದು ಆರಿಹೋಗಿ ಪಕ್ಕದ್ದು ಮೂಡಿದರೆ ಆಟಿಸಂ ಇರುವ ಮಕ್ಕಳೂ ಅತ್ತ ತಿರುಗುತ್ತಾರೆ. ಕಷ್ಟ ಬರುವುದು ನಡುವಿನದು ಆರದೆ ಉಳಿದಾಗ. ಆಗ ಐದರಲ್ಲಿ ಒಂದು ಸಲ ಈ ಮಕ್ಕಳು ಮೊದಲ ಚಿತ್ರವನ್ನೇ ಪೂರ್ತಿ ಎಂಟು ಸೆಕೆಂಡು ನೋಡುತ್ತ ಉಳಿದರು. ಎಂಟು ಸೆಕೆಂಡು ಏನು ಮಹಾ ಎನ್ನಬಹುದು. ತರಗತಿಯಲ್ಲಿ ಟೀಚರು ಒಂದು ವಾಕ್ಯ ಹೇಳಿ ಮುಗಿಸಿ ಎರಡನೆಯದಕ್ಕೆ ಹೋಗಲು ಅಷ್ಟು ಸಾಕು.

ಹಾಗಾದರೆ ಕೊರತೆ ಇರುವುದು ಗಮನದಲ್ಲಲ್ಲ, ಅದನ್ನು ಬಿಡಿಸಿಕೊಳ್ಳುವುದರಲ್ಲಿ. ಮರುವರ್ಷ, 2005ರಲ್ಲಿ, ಡೈನಾ ಮರ್ರಿ, ಮೈಕ್ ಲೆಸ್ಸರ್, ವೆನ್ ಲಾಸನ್ ಎಂಬ ಮೂವರು ಈ ಯೋಚನೆಗೆ ಮೊನೋಟ್ರೋಪಿಸಂ ಎಂಬ ಹೆಸರಿನಲ್ಲಿ ಒಂದು ಸಿದ್ಧಾಂತದ ಮೈ ಕೊಟ್ಟರು. ಲಾಸನ್ ಸ್ವತಃ ಆಟಿಸಂ ಇರುವವರು, ಆದ್ದರಿಂದ ಇದು ಹೊರಗೆ ನಿಂತು ನೋಡಿ ಬರೆದ ಮಾತಲ್ಲ. ತರಕಾರಿ ಮಡಿಗೆ ನೀರು ಕಟ್ಟಿ ಗೊತ್ತಿರುವವರಿಗೆ ಇದು ಬೇಗ ಹೊಳೆಯುತ್ತದೆ. ಕಾಲುವೆಯ ನೀರನ್ನು ಹತ್ತು ಮಡಿಗೂ ಒಟ್ಟಿಗೆ ಹರಿಬಿಟ್ಟರೆ ಎಲ್ಲ ಕಡೆಯೂ ಮೇಲಿನ ಮಣ್ಣಷ್ಟೇ ನೆನೆಯುತ್ತದೆ. ಒಂದಕ್ಕೇ ಕಟ್ಟಿದರೆ ಬೇರಿನ ತುದಿವರೆಗೆ ಇಳಿಯುತ್ತದೆ. ನಮ್ಮ ನಿಮ್ಮ ಗಮನ ಮೊದಲನೆಯ ಥರ, ಈ ಮಕ್ಕಳದ್ದು ಎರಡನೆಯದು. ತುಂಬಿ ಹರಿಯುವ ಮಡಿಯಿಂದ ನೀರನ್ನು ಇನ್ನೊಂದು ಕಡೆ ತಿರುಗಿಸಲು ಗುದ್ದಲಿ ಬೇಕು, ಹೊತ್ತೂ ಬೇಕು. ಅವಸರದಲ್ಲಿ ಒಡೆದರೆ ಬದುವೇ ಕೊಚ್ಚಿಹೋಗುತ್ತದೆ. ‘ಟಿವಿ ಆಫ್ ಮಾಡಿದ್ದಕ್ಕೆ ಒಂದು ಗಂಟೆ ಅತ್ತ’ ಎಂದು ಹೇಳುವ ಅಪ್ಪಂದಿರು ಆ ಬದು ಒಡೆದ ಕ್ಷಣವನ್ನು ಕಂಡವರು. ಥೆರಪಿಯವರು ಅದನ್ನು ಮೆಲ್ಟ್‌ಡೌನ್ ಎನ್ನುತ್ತಾರೆ, ನೆಂಟರು ಹಟ ಎನ್ನುತ್ತಾರೆ.

ಒಂದು ತಿದ್ದುಪಡಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಮಕ್ಕಳಿಗೆ ಆಟಿಸಂ ಜೊತೆ ಎಡಿಎಚ್‌ಡಿಯೂ ಇರುತ್ತದೆ, ಅವರ ಗಮನ ನಿಜಕ್ಕೂ ಚೆದುರುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರವರೆಗೂ ಒಂದೇ ಮಗುವಿಗೆ ಇವೆರಡನ್ನೂ ಬರೆಯಲು ಬಿಡುತ್ತಿರಲಿಲ್ಲ. ಈಗ ಬಿಡುತ್ತದೆ. ನಿಮ್ಮ ಮಗುವಿನದು ಯಾವುದು ಎಂಬುದನ್ನು ವೈದ್ಯರು ನೋಡಿಯೇ ಹೇಳಬೇಕು, ಇಂಥ ಬರಹ ಓದಿ ತೀರ್ಮಾನಿಸುವುದಲ್ಲ.

ಗಮನವನ್ನು ತಿದ್ದುವ ಮಾತು ಬಂದರೆ, ಈಚೆಗೆ ಎಲ್ಲ ಊರಲ್ಲೂ ಮೈಂಡ್‌ಫುಲ್‌ನೆಸ್ ಎಂಬ ಬೋರ್ಡು ಕಾಣುತ್ತದೆ. ಬೌದ್ಧರ ಧ್ಯಾನದಿಂದ ಧರ್ಮದ ಭಾಗವನ್ನು ಬದಿಗಿಟ್ಟು 1979ರಲ್ಲಿ ಜಾನ್ ಕಬಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ತಂದದ್ದು ಇದು. ಕನ್ನಡದಲ್ಲಿ ಇದಕ್ಕೆ ‘ಸಾವಧಾನ’ಕ್ಕಿಂತ ಒಳ್ಳೆಯ ಪದ ಇಲ್ಲ ಎಂದು ನನ್ನ ಅಭಿಪ್ರಾಯ. ಮದುವೆ ಮಂಟಪದಲ್ಲಿ ಪುರೋಹಿತರು ಕೂಗುವಾಗ ಅದಕ್ಕೆ ‘ಎಚ್ಚರ, ಈಗ ಇಲ್ಲಿ ನೋಡಿ’ ಎಂಬ ಅರ್ಥ. ಮನೆಯಲ್ಲಿ ಅಜ್ಜಿ ‘ಸಾವಧಾನವಾಗಿ ತಿನ್ನು’ ಎಂದರೆ ‘ಆತುರ ಬೇಡ’ ಎಂದು. ಎರಡೂ ಸೇರಿದರೆ ಕಬಟ್-ಜಿನ್ ಹೇಳಿದ್ದು ಹೆಚ್ಚುಕಡಿಮೆ ಬಂದಂತೆ.

ದೊಡ್ಡವರಿಗೆ ಕಲಿಸುವ ರೀತಿಯಲ್ಲೇ ಇದನ್ನು ಮಕ್ಕಳ ಮುಂದಿಟ್ಟರೆ ಆಗುವ ಪಜೀತಿ ನೋಡಿದ್ದೇನೆ. ಕಣ್ಣು ಮುಚ್ಚಿ ಎಂದರು. ಕಣ್ಣು ಮುಚ್ಚಿದರೆ ಮುಂದೇನಾಗುತ್ತದೋ ಗೊತ್ತಾಗದು, ಹಾಗಾಗಿ ಭಯ. ಯೋಚನೆಗಳನ್ನು ಮೋಡದಂತೆ ತೇಲಿಹೋಗಲು ಬಿಡಿ ಎಂದರು. ಹುಡುಗ ಎದ್ದು ಕಿಟಕಿಗೆ ಹೋಗಿ ಆಕಾಶ ನೋಡಿದ, ಮೋಡ ಇರಲಿಲ್ಲ. ಮಾತನ್ನು ಮಾತಿನ ಅರ್ಥದಲ್ಲೇ ತೆಗೆದುಕೊಳ್ಳುವವನ ಹತ್ತಿರ ಉಪಮೆ ನಡೆಯುವುದಿಲ್ಲ. ಉಸಿರನ್ನು ಗಮನಿಸಿ ಎಂಬುದು ಇನ್ನೂ ಕಷ್ಟ. ಹಸಿವು, ಬಾಯಾರಿಕೆ, ಎದೆಬಡಿತ, ಉಸಿರು ಮುಂತಾಗಿ ದೇಹದ ಒಳಗಿನ ಸುದ್ದಿ ಕೆಲವು ಮಕ್ಕಳಿಗೆ ಮಸುಕಾಗಿ ತಲುಪುತ್ತದೆ, ಮತ್ತೆ ಕೆಲವರಿಗೆ ಕಿವಿಗಡಚಿಕ್ಕುವಷ್ಟು ಜೋರಾಗಿ. ಮೊದಲಿನವರಿಗೆ ನೋಡಲು ಏನೂ ಸಿಗದು, ಎರಡನೆಯವರಿಗೆ ಅಲ್ಲಿ ನಿಲ್ಲಲಾಗದು.

ದಾರಿ ತೋರಿಸಿದ್ದು ಪಾದ. ಅಮೆರಿಕದ ಮನಶ್ಶಾಸ್ತ್ರಜ್ಞ ನಿರ್ಭಯ್ ಸಿಂಗ್ ಮತ್ತು ಸಂಗಡಿಗರು ರೂಪಿಸಿದ ಅಭ್ಯಾಸದ ಹೆಸರೇ ‘ಅಂಗಾಲು’. ಮಗು ನಿಂತಿರಲಿ, ಕೂತಿರಲಿ, ಎರಡೂ ಪಾದ ನೆಲಕ್ಕೆ ಊರಿರಬೇಕು. ಮೊದಲು ಖುಷಿಯ ಒಂದು ಪ್ರಸಂಗ ನೆನೆಸಿಕೊಳ್ಳುವುದು. ಆಮೇಲೆ ಸಿಟ್ಟು ಬಂದ ಪ್ರಸಂಗ. ಸಿಟ್ಟು ಏರತೊಡಗಿದಾಗ ಅದನ್ನು ತಡೆಯಲು ಹೋಗದೆ ಗಮನವನ್ನು ಅಂಗಾಲಿಗೆ ಇಳಿಸುವುದು. ಬೆರಳು ಆಡಿಸು, ಕಾಲುಚೀಲದ ಬಟ್ಟೆ ತಾಗುತ್ತಿದೆಯೇ ನೋಡು, ಹಿಮ್ಮಡಿ ಚಪ್ಪಲಿಗೆ ಒತ್ತುತ್ತಿದೆಯೇ ನೋಡು. ಇದರಲ್ಲಿ ಮೋಡವಿಲ್ಲ, ಉಪಮೆಯಿಲ್ಲ. ಬೆರಳು ಇದೆ, ಆಡಿಸಿದರೆ ಆಡುತ್ತದೆ. 2011ರಲ್ಲಿ ಅವರು ಆಟಿಸಂ ಇರುವ ಮೂವರು ಹದಿಹರೆಯದವರ ಫಲಿತಾಂಶ ಪ್ರಕಟಿಸಿದರು. ಹೊಡೆಯುವುದು, ಕಚ್ಚುವುದು ಕ್ರಮೇಣ ಇಳಿದು, ತರಬೇತಿಯ ಕೊನೆಯ ನಾಲ್ಕು ವಾರದಲ್ಲಿ ಒಂದೂ ನಡೆಯಲಿಲ್ಲ. ಮೂವರೆಂದರೆ ಮೂವರೇ, ಇದನ್ನು ಊರಿಗೆಲ್ಲ ಮದ್ದು ಎಂದು ಹಂಚಲಾಗದು. ಆದರೂ ನನಗೆ ಇದು ಮುಖ್ಯವೆನಿಸುವುದು ಅದರ ಒಳಗಿನ ಕೆಲಸಕ್ಕಾಗಿ. ಸಿಟ್ಟಿನಿಂದ ಪಾದಕ್ಕೆ ಗಮನವನ್ನು ತಾನೇ ತಿರುಗಿಸುವುದು ಎಂದರೆ ಮಗುವಿನ ಕೈಗೇ ಗುದ್ದಲಿ ಕೊಟ್ಟಂತೆ. ಲಾಂಡ್ರಿ-ಬ್ರೈಸನ್ ಪರದೆಯ ಮುಂದೆ ಆಗದೆ ಹೋದದ್ದು ಅದೇ ತಾನೆ?

ನಿರ್ಭಯ್ ಸಿಂಗ್ ತಂಡದ 2006ರ ಇನ್ನೊಂದು ಅಧ್ಯಯನವನ್ನು ನಾನು ಭೇಟಿಯಾದ ತಂದೆತಾಯಿಗೆಲ್ಲ ಹೇಳುತ್ತೇನೆ. ಅಲ್ಲಿ ಮಕ್ಕಳಿಗೆ ಏನೂ ಕಲಿಸಲಿಲ್ಲ. ಮೂವರು ತಾಯಂದಿರಿಗೆ 12 ವಾರ ಸಾವಧಾನದ ಪಾಠ ಮಾಡಿದರು, ಅಷ್ಟೇ. ಮನೆಯಲ್ಲಿದ್ದ ಮಕ್ಕಳ ಹೊಡೆದಾಟ, ಮೈ ಪರಚಿಕೊಳ್ಳುವುದು ಕಡಿಮೆಯಾಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಎಸ್ತರ್ ಡಿ ಬ್ರೌನ್, ಸೂಸನ್ ಬೋಗಲ್ಸ್ ಮೊದಲಾದವರು 2015ರಲ್ಲಿ ವರದಿ ಮಾಡಿದ ಒಂಬತ್ತು ವಾರಗಳ ತರಬೇತಿಯಲ್ಲೂ 23 ಮಕ್ಕಳ ಜೊತೆ ಹೆತ್ತವರು ಪಕ್ಕದ ಕೋಣೆಯಲ್ಲಿ ಕಲಿಯುತ್ತಿದ್ದರು. ಅದರ ಕೊನೆಯಲ್ಲಿ ಆ ಮಕ್ಕಳು ಕೊಟ್ಟ ಉತ್ತರ ಪ್ರಾಮಾಣಿಕವಾಗಿದೆ: ಆಟಿಸಂ ಲಕ್ಷಣ ಕಡಿಮೆಯಾಗಿಲ್ಲ, ಚಿಂತೆಯೂ ಹಾಗೇ ಇದೆ, ಆದರೆ ಆದದ್ದನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು ಇಳಿದಿದೆ, ಬದುಕು ಒಂದಷ್ಟು ಹಗುರವಾಗಿದೆ. ಹೋಲಿಸಿ ನೋಡಲು ತರಬೇತಿ ಇಲ್ಲದ ಇನ್ನೊಂದು ಗುಂಪು ಅಲ್ಲಿರಲಿಲ್ಲ ಎಂಬುದನ್ನೂ ಸೇರಿಸಿ ಓದಬೇಕು.

ಸಾವಧಾನದ ಮಾತಾಯಿತು, ಗಮನಕ್ಕೆ ಇನ್ನೊಂದು ದಾರಿ ಚಿತ್ರ. ಫ್ಯಾನು ನೋಡುವ ಹುಡುಗನ ಮನೆಯಲ್ಲಿ ಅಜ್ಜಿ ದಿನಾ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ಐದು ಚುಕ್ಕಿ ಐದು ಸಾಲು ರಂಗೋಲಿ ಇಡುತ್ತಾರೆ. ಅವನು ಹೊಸ್ತಿಲ ಮೇಲೆ ಬಂದು ಕೂತುಕೊಳ್ಳಲು ಶುರುಮಾಡಿದ. ಅಜ್ಜಿ ಕರೆದಿರಲಿಲ್ಲ, ಕೂತ ಮೇಲೂ ಮಾತಾಡಿಸಲಿಲ್ಲ. ಮಾತಾಡಿಸಿದ್ದರೆ ಎದ್ದು ಹೋಗುತ್ತಿದ್ದ ಎಂದು ಅವರು ಆಮೇಲೆ ಹೇಳಿದರು. ಹದಿನೈದು ದಿನ ಬರೀ ನೋಟ. ಹದಿನಾರನೇ ದಿನ ಅಜ್ಜಿ ಪುಡಿಯ ಬಟ್ಟಲನ್ನು ಅವನತ್ತ ಸರಿಸಿದರು. ಬೆರಳಿಟ್ಟವನೇ ಕೈ ಕೊಡವಿ ಅಂಗಿಗೆ ಉಜ್ಜಿಕೊಂಡ. ರಂಗೋಲಿ ಪುಡಿಯ ಆ ಒಣ ತರಿ ಅವನಿಗೆ ತಡೆಯದು. ಮರುದಿನ ಬಟ್ಟಲಿನ ಜಾಗದಲ್ಲಿ ನೀರಲ್ಲಿ ಅದ್ದಿದ ಸೀಮೆಸುಣ್ಣದ ತುಂಡು ಇತ್ತು. ಅದನ್ನು ಹಿಡಿದ. ನಡುವಿನ ಚುಕ್ಕಿಯಿಂದ ಮೂರು ಎಸಳು ಎಳೆದ. ಮಾರನೇ ದಿನವೂ ಮೂರು. ವಾರವಿಡೀ ಮೂರೇ. ಅದು ಹೂವಲ್ಲ ಎಂದು ಮೊದಲು ಹೊಳೆದದ್ದು ಅಜ್ಜಿಗೇ. ಪರೀಕ್ಷಿಸಲೆಂದು ಪಕ್ಕದಲ್ಲಿ ತಾವು ಐದು ಎಸಳಿನದೊಂದು ಇಟ್ಟರು. ಹುಡುಗ ಅಂಗೈಯಿಂದ ಎರಡು ಎಸಳು ಒರೆಸಿ ಹಾಕಿದ. ಒರೆಸಿ, ಅಜ್ಜಿಯ ಮುಖ ನೋಡಿದ.

ಅವನ ಫ್ಯಾನಿಗೆ ಐದು ರೆಕ್ಕೆ ಇಲ್ಲ.

ಆ ಕೊನೆಯ ನೋಟವನ್ನು ತಜ್ಞರು ಜಂಟಿ ಗಮನ ಎನ್ನುತ್ತಾರೆ. ಒಂದು ವಸ್ತು, ಅದನ್ನು ನೋಡುವ ಇಬ್ಬರು, ಇಬ್ಬರೂ ನೋಡುತ್ತಿದ್ದೇವೆ ಎಂಬುದು ಇಬ್ಬರಿಗೂ ಗೊತ್ತು. ಸಾಮಾನ್ಯವಾಗಿ ವರ್ಷ ತುಂಬುವ ಆಸುಪಾಸಿನಲ್ಲಿ ಮಕ್ಕಳು ‘ಅಗೋ ಚಂದಮಾಮ’ ಎಂದು ತೋರಿಸಿದ ಬೆರಳಿನ ದಿಕ್ಕಿಗೆ ನೋಡಿ, ತಿರುಗಿ ನಮ್ಮ ಮುಖ ನೋಡುತ್ತಾರೆ. ಆಟಿಸಂ ಇರುವ ಮಕ್ಕಳಲ್ಲಿ ಇದು ತಡವಾಗುತ್ತದೆ, ಕೆಲವರಲ್ಲಿ ವಿರಳ. ಮಾತು ಬೆಳೆಯುವುದೂ ಬಹುಮಟ್ಟಿಗೆ ಇದರ ಮೇಲೆ. ಆದ್ದರಿಂದಲೇ ಥೆರಪಿ ಕೋಣೆಗಳಲ್ಲಿ ‘ಐ ಕಾಂಟ್ಯಾಕ್ಟ್ ಕೊಡು’ ಎಂದು ಗದ್ದ ಹಿಡಿದು ಮುಖ ತಿರುಗಿಸುವ ಪದ್ಧತಿ ಬಂತು. ನನಗೆ ಅದು ಒಪ್ಪಿಗೆಯಿಲ್ಲ. ಎದುರಿಗೆ ಕೂತರೆ ಮಗು ಓದಬೇಕಾದದ್ದು ಕ್ಷಣಕ್ಷಣಕ್ಕೂ ಬದಲಾಗುವ ಒಂದು ಮುಖವನ್ನು. ಪಕ್ಕದಲ್ಲಿ ಕೂತರೆ ಇಬ್ಬರ ಮುಂದೆ ಇರುವುದು ಕದಲದ ಒಂದು ನೆಲ, ಒಂದು ಹಾಳೆ, ಒಂದು ಮಣ್ಣಿನ ಮುದ್ದೆ. ಚಿತ್ರದ ಚಟುವಟಿಕೆ ಕೆಲಸ ಮಾಡಿದರೆ ಅದಕ್ಕೆ ಮೊದಲ ಕಾರಣ ಬಣ್ಣವಲ್ಲ, ಈ ಕೂರುವ ರೀತಿ.

ಎರಡನೆಯದು, ಚುಕ್ಕಿ ರಂಗೋಲಿಯಲ್ಲಿ ಮುಂದೇನು ಎಂಬುದು ನೆಲದ ಮೇಲೇ ಬರೆದಿದೆ. ಖಾಲಿ ಹಾಳೆ ಕೊಟ್ಟು ‘ನಿನಗೆ ಇಷ್ಟ ಬಂದದ್ದು ಬಿಡಿಸು’ ಎಂದರೆ ಎಷ್ಟೋ ಮಕ್ಕಳು ಗಾಬರಿಯಾಗುತ್ತಾರೆ, ಆಯ್ಕೆ ಅಷ್ಟು ಅಗಲವಾದಾಗ ನೀರು ಎಲ್ಲಿಗೂ ಹರಿಯುವುದಿಲ್ಲ. ಚುಕ್ಕಿ ಎಣಿಸಬಹುದು, ಸಾಲು ಮುಗಿಯುವುದು ಕಾಣುತ್ತದೆ. ದೊಡ್ಡ ವಿನ್ಯಾಸದೊಳಗೆ ಚಿಕ್ಕ ಆಕಾರ ಹುಡುಕುವುದರಲ್ಲಿ ಈ ಮಕ್ಕಳು ಚುರುಕು ಎಂದು ಲಂಡನ್ನಿನ ಅಮಿತಾ ಶಾ ಮತ್ತು ಯೂಟಾ ಫ್ರಿತ್ 1983ರಲ್ಲೇ ತೋರಿಸಿದ್ದರು. ಅಡಗಿದ ತ್ರಿಕೋನ ಹುಡುಕುವ ಆ ಪರೀಕ್ಷೆಗೂ ನಮ್ಮ ಬಾಗಿಲ ರಂಗೋಲಿಗೂ ದೂರವೇನಿಲ್ಲ.

ಮೂರನೆಯದು ಕೈ. ಜೇಡಿಮಣ್ಣನ್ನು ಹಿಚುಕುವಾಗ, ನಾದುವಾಗ ಸ್ನಾಯುಗಳಿಗೂ ಕೀಲುಗಳಿಗೂ ಒಳ್ಳೆಯ ಒತ್ತಡ ಸಿಗುತ್ತದೆ. ಓಟಿಯವರು, ಅಂದರೆ ಆಕ್ಯುಪೇಷನಲ್ ಥೆರಪಿಸ್ಟರು, ಬಹಳ ಮಕ್ಕಳು ಇದರಿಂದ ಶಾಂತವಾಗುತ್ತಾರೆ ಎನ್ನುತ್ತಾರೆ. ಗಣೇಶನ ಹಬ್ಬಕ್ಕೆ ಮೊದಲು ಮಣ್ಣು ಮನೆಗೆ ಬಂದಾಗ ನೋಡಿ. ಆದರೆ ಒದ್ದೆ ಮಣ್ಣು ಕೆಲವರಿಗೆ ಅಸಹ್ಯ. ಅವರಿಗೆ ಚಪಾತಿ ಹಿಟ್ಟು ಆದೀತು, ಅದೂ ಬೇಡವಾದರೆ ಚಮಚದಿಂದ ಒತ್ತಬಹುದು. ಪೋಸ್ಟರ್ ಬಣ್ಣದ ವಾಸನೆ, ಮಿಣುಕುವ ಟ್ಯೂಬ್‌ಲೈಟು, ಧ್ಯಾನ ಶುರುಮಾಡಲು ಬಾರಿಸುವ ಗಂಟೆ, ಇವುಗಳಲ್ಲಿ ಯಾವುದಾದರೊಂದೇ ಇಡೀ ಬೆಳಗನ್ನು ಕೆಡಿಸಬಹುದು. ‘ಚಿತ್ರ ಇವನಿಗೆ ಆಗಿಬರಲ್ಲ’ ಎಂದು ಬಿಟ್ಟುಬಿಡುವ ಮೊದಲು ಆಗಿಬರದ್ದು ಚಿತ್ರವೋ ವಾಸನೆಯೋ ನೋಡಿ.

ಇಲ್ಲಿ ಒಂದು ಆಸೆಯ ಬಲೆ ಇದೆ. ಲಂಡನ್ನಿನ ಸ್ಟೀಫನ್ ವಿಲ್ಟ್‌ಶೈರ್ ಹೆಲಿಕಾಪ್ಟರಿನಲ್ಲಿ ಒಂದು ಸುತ್ತು ಹಾರಿ ಬಂದು ಇಡೀ ನಗರವನ್ನು ನೆನಪಿನಿಂದ ಬಿಡಿಸುವ ಕಲಾವಿದ. 2005ರಲ್ಲಿ ಟೋಕಿಯೋವನ್ನು ಹತ್ತು ಮೀಟರ್ ಉದ್ದದ ಕ್ಯಾನ್ವಾಸಿನ ಮೇಲೆ ಇಳಿಸಿದರು. ಚಿಕ್ಕಂದಿನಲ್ಲಿ ಮಾತಿರಲಿಲ್ಲ. ಶಾಲೆಯಲ್ಲಿ ಚಿತ್ರದ ಸಾಮಾನನ್ನು ತೆಗೆದಿಟ್ಟು, ಕೇಳಿದರೆ ಕೊಡುತ್ತೇವೆ ಎಂದು ಕಾದರಂತೆ. ಹುಡುಗನ ಬಾಯಿಂದ ಬಂದ ಮೊದಲ ಪದ ‘ಪೇಪರ್’. ಕತೆ ಚೆನ್ನಾಗಿದೆ, ಫಲವೂ ಸಿಕ್ಕಿತು. ಆದರೂ ಮಗುವಿಗಿರುವ ಒಂದೇ ಆಸರೆಯನ್ನು ಕಸಿದು ಮಾತು ಕೊಳ್ಳುವ ಈ ವ್ಯಾಪಾರ ನನಗೆ ಕಸಿವಿಸಿ ತರುತ್ತದೆ. ಇದೇ ಉಪಾಯ ಮಾಡಿ ಮಾತೂ ಬರದೆ ಪೆನ್ಸಿಲೂ ಹೋದ ಮಕ್ಕಳ ಕತೆ ಯಾರೂ ಬರೆದಿಡುವುದಿಲ್ಲ.

ನಾದಿಯಾಳದ್ದು ಇನ್ನೊಂದು ಬಗೆ. ಇಂಗ್ಲೆಂಡಿನ ಈ ಹುಡುಗಿ ಮೂರೂವರೆ ವರ್ಷಕ್ಕೇ ಬಾಲ್‌ಪೆನ್ನಿನಲ್ಲಿ ಓಡುವ ಕುದುರೆಗಳನ್ನು, ನುರಿತ ಕಲಾವಿದರು ಬೆರಗಾಗುವಂತೆ ಬಿಡಿಸುತ್ತಿದ್ದಳು. ಅವಳನ್ನು ಕುರಿತು ಲೋರ್ನಾ ಸೆಲ್ಫ್ 1977ರಲ್ಲಿ ಪುಸ್ತಕವನ್ನೇ ಬರೆದರು. ಶಾಲೆಗೆ ಸೇರಿ ಒಂದಷ್ಟು ಮಾತು ಬಂದಂತೆ ಆ ಕುದುರೆಗಳು ಮಾಯವಾದವು. ಮಾತು ಬಂದುದರಿಂದಲೇ ಹೋದವೋ ಬೇರೆ ಕಾರಣವೋ, ವಾದ ಇಂದಿಗೂ ಮುಗಿದಿಲ್ಲ. ಇವರಿಬ್ಬರೂ ಅಪರೂಪದವರು. ನಿಮ್ಮ ಮಗು ಬಿಡಿಸಿದ್ದು ಮೂರು ಎಸಳೇ ಆಗಿರಬಹುದು, ಅದಕ್ಕೆ ಪ್ರದರ್ಶನ ಬೇಕಿಲ್ಲ, ವಾಟ್ಸ್ಯಾಪ್ ಗುಂಪೂ ಬೇಕಿಲ್ಲ.

ಕಲೆ ಆಟಿಸಂ ಅನ್ನು ‘ಗುಣಪಡಿಸುತ್ತದೆ’ಯೇ? ಇಲ್ಲ. ಕಲಾ ಥೆರಪಿಗಳ ಪೈಕಿ ದೊಡ್ಡ ಪರೀಕ್ಷೆಗೆ ಒಡ್ಡಿಕೊಂಡದ್ದು ಸಂಗೀತ. ಒಂಬತ್ತು ದೇಶಗಳ 364 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಐದು ತಿಂಗಳ ಸಂಗೀತ ಥೆರಪಿ ಪಡೆದವರಿಗೂ ಪಡೆಯದವರಿಗೂ ಲಕ್ಷಣಗಳ ತೀವ್ರತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಭಾರತ ಆ ಒಂಬತ್ತರಲ್ಲಿ ಇರಲಿಲ್ಲ. ಮರುವರ್ಷ ಮಾಂಟ್ರಿಯಲ್‌ನಲ್ಲಿ 51 ಮಕ್ಕಳ ಮೇಲೆ ಮಾಡಿದ ಚಿಕ್ಕ ಪ್ರಯೋಗ ಬೇರೆಯದನ್ನೇ ಹೇಳಿತು: ಎಂಟರಿಂದ ಹನ್ನೆರಡು ವಾರದ ಸಂಗೀತದ ಬಳಿಕ ಮಕ್ಕಳ ಸಂವಹನ ಸುಧಾರಿಸಿದೆ ಎಂದು ಹೆತ್ತವರು ಹೇಳಿದರು, ಮಿದುಳಿನಲ್ಲಿ ಕೇಳುವ ಭಾಗಕ್ಕೂ ಚಲನೆಯ ಭಾಗಕ್ಕೂ ಇರುವ ಸಂಪರ್ಕ ಬಲವಾದದ್ದು ಸ್ಕ್ಯಾನಿನಲ್ಲಿ ಕಂಡಿತು. ಚಿತ್ರ, ಜೇಡಿಮಣ್ಣಿನ ಅಧ್ಯಯನಗಳು ಬಹುತೇಕ ಇವಕ್ಕಿಂತ ಚಿಕ್ಕವು. ಆದ್ದರಿಂದ ‘ಮೂರು ತಿಂಗಳಲ್ಲಿ ಏಕಾಗ್ರತೆ ಗ್ಯಾರಂಟಿ’ ಎಂದು ಪ್ಯಾಕೇಜು ಮಾರುವವರು ಎದುರಾದರೆ ಹಣ ಉಳಿಸಿ. ಸ್ಪೀಚ್ ಥೆರಪಿ, ಓಟಿ ಬಿಟ್ಟು ಅದರ ಬದಲು ಇದು ಎನ್ನುವವರಿದ್ದರಂತೂ ಅಲ್ಲಿಂದ ಎದ್ದು ಬನ್ನಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಮಕ್ಕಳನ್ನು ನೋಡುವ ಪರಿಣತರಿದ್ದಾರೆ.

ಮನೆಯಲ್ಲಿ ಮಾಡಬಹುದಾದದ್ದಕ್ಕೆ ಖರ್ಚಿಲ್ಲ. ಕರೆಯುವ ಮೊದಲು ಹತ್ತಿರ ಹೋಗಿ, ಅವನು ನೋಡುತ್ತಿರುವುದನ್ನು ನೀವೂ ಒಂದು ನಿಮಿಷ ನೋಡಿ. ‘ಇನ್ನು ಐದು ನಿಮಿಷ ಫ್ಯಾನು, ಆಮೇಲೆ ಊಟ’ ಎಂದು ಎಣಿಸಿ ಹೇಳಿ. ನೀರು ತಿರುಗಲು ಅಷ್ಟು ಹೊತ್ತು ಕೊಡಿ. ಉಸಿರಾಟ ಕಲಿಸಬೇಕೆಂದಿದ್ದರೆ ಕಣ್ಣು ಮುಚ್ಚಿಸಬೇಡಿ. ಸೋಪಿನ ಗುಳ್ಳೆ ಊದಿಸಿ, ನಿಧಾನ ಊದಿದರೆ ಗುಳ್ಳೆ ದೊಡ್ಡದಾಗುತ್ತದೆ ಎಂದು ಗುಳ್ಳೆಯೇ ಕಲಿಸುತ್ತದೆ. ಕೈ ಅಲ್ಲಾಡಿಸುತ್ತ, ತೂಗಾಡುತ್ತ ಬಿಡಿಸಿದರೆ ಬಿಡಿಸಲಿ, ಅದನ್ನು ನಿಲ್ಲಿಸಲು ಹೋದರೆ ಗಮನವೆಲ್ಲ ನಿಲ್ಲಿಸುವುದಕ್ಕೇ ಖರ್ಚಾಗುತ್ತದೆ. ಎಷ್ಟು ಹೊತ್ತು ಕೂತ ಎಂದು ಅಳೆಯಬೇಡಿ, ಎಷ್ಟು ಸಲ ನಿಮ್ಮತ್ತ ನೋಡಿದ ಎಂದು ಬೇಕಾದರೆ ಎಣಿಸಿಕೊಳ್ಳಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಸಂಜೆ ಹತ್ತು ನಿಮಿಷ ಮಗುವಿನ ಪಕ್ಕದಲ್ಲಿ ಸುಮ್ಮನೆ ಕೂತು, ಅದು ಏನನ್ನು ನೋಡುತ್ತಿದೆ, ಎಷ್ಟು ಹೊತ್ತು ನೋಡಿತು, ಏನಾದಾಗ ಬಿಟ್ಟಿತು ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಹೀಗೆ ಒಂದು ವಾರದ ಏಳು ಚೀಟಿಗಳಾಗಲಿ. ಮುಂದಿನ ಸಲ ಥೆರಪಿಸ್ಟರನ್ನು ಕಾಣುವಾಗ, ಶಾಲೆಯಿಂದ ಬಂದ ಫಾರಂ ಜೊತೆಗೆ ಅವನ್ನೂ ಒಯ್ದು ಮೇಜಿನ ಮೇಲಿಡಿ.